ಕುರ್ಚಿ ಒರೆಸಿದವರ ಪಟ್ಟಿ: ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವದ ಪ್ರಕರಣ

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆ. ಎಂಟರಿಂದ ಹತ್ತನೇ ತರಗತಿವರೆಗೆ ಆ ವರ್ಷ 214 ಮಕ್ಕಳಿದ್ದರು. ಊರು, ಶಾಲೆ, ಮಕ್ಕಳು, ಸಹೋದ್ಯೋಗಿಗಳು ಯಾರೆಂದು ತಿಳಿಯಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ನಾನು ಅಲ್ಲಿ ಕನ್ನಡ ಶಿಕ್ಷಕಿ. ಸಾಂಸ್ಕೃತಿಕ ಸಮಿತಿಯ ಜವಾಬ್ದಾರಿಯೂ ನಾಲ್ಕು ವರ್ಷದಿಂದ ನನ್ನದೇ. ಹಾಗಾಗಿ ಕೆಳಗೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವು.

ಪ್ರತಿ ತರಗತಿಗೂ ಎರಡು ವಿಭಾಗ. 'ಎ' ಕನ್ನಡ ಮಾಧ್ಯಮ, 'ಬಿ' ಇಂಗ್ಲಿಷ್ ಮಾಧ್ಯಮ. 'ಬಿ'ಯಲ್ಲಿ ಹೆಚ್ಚಾಗಿ ಹೋಬಳಿ ಊರಿನ ಮಕ್ಕಳು: ಅಂಗಡಿ, ರೈಸ್‌ಮಿಲ್ಲು, ಸಣ್ಣ ನೌಕರಿಯ ಮನೆಗಳವರು. 'ಎ'ಯಲ್ಲಿ ಸುತ್ತಲಿನ ಹಳ್ಳಿ, ಗೊಲ್ಲರಹಟ್ಟಿ, ತಾಂಡಾಗಳ ಮಕ್ಕಳು. ಯಾರೂ ಹೀಗೆ ಬೇರೆ ಮಾಡಬೇಕೆಂದು ಮಾಡಿದ್ದಲ್ಲ, ಆಗಿತ್ತು.

ವಾರ್ಷಿಕೋತ್ಸವ ಜನವರಿಯಲ್ಲಿ. ಸಂಜೆ ಆರಕ್ಕೆ ಶುರು, ಬಣ್ಣದ ಲೈಟು, ದೊಡ್ಡ ಸೌಂಡು, ಬಾಡಿಗೆ ಡ್ರೆಸ್ಸಿನ ಡ್ಯಾನ್ಸು. ಊರಿನವರೆಲ್ಲ ಬರುತ್ತಿದ್ದರು. ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅದು ಹೆಮ್ಮೆ, ನಮಗೂ ಹೆಮ್ಮೆ. 'ನಮ್ಮದು ಸರ್ಕಾರಿ ಶಾಲೆ ಅಂತ ಯಾರೂ ಹೇಳಲ್ಲ' ಎಂಬ ಮಾತನ್ನು ಹೊಗಳಿಕೆ ಎಂದೇ ತಿಳಿದಿದ್ದೆವು.

ಅರ್ಧ ಪುಟದ ಪ್ರಬಂಧ

ವಾರ್ಷಿಕೋತ್ಸವ ಮುಗಿದ ವಾರ ಒಂಬತ್ತನೇ 'ಎ' ಮಕ್ಕಳಿಗೆ 'ನಮ್ಮ ಶಾಲೆಯ ವಾರ್ಷಿಕೋತ್ಸವ' ಎಂದು ಪ್ರಬಂಧ ಕೊಟ್ಟೆ. ಹೆಚ್ಚಿನವರು ಒಂದೇ ಧಾಟಿಯಲ್ಲಿ ಬರೆದಿದ್ದರು: ಅತಿಥಿಗಳು ಆಗಮಿಸಿದರು, ದೀಪ ಬೆಳಗಿದರು, ಕಾರ್ಯಕ್ರಮ ಯಶಸ್ವಿಯಾಯಿತು. ತಾಂಡಾದಿಂದ ಬರುವ ಒಬ್ಬ ಹುಡುಗಿಯದು ಅರ್ಧ ಪುಟ ಮಾತ್ರ. ಅದರ ಕೊನೆ ಹೀಗಿತ್ತು: 'ನಾನು ಕುರ್ಚಿ ಒರಸಿದೆ. ಕಮಲ ಮತ್ತು ನಾನು ಲೋಟ ತೊಳೆದೆವು. ಆಮೇಲೆ ಬಸ್ಸು ಬಂತು, ಮನೆಗೆ ಹೋದೆವು. ಕಾರ್ಯಕ್ರಮ ಚೆನ್ನಾಗಿತ್ತು ಎಂದು ಕೇಳಿದೆ.' ಕಮಲ ಎಂಬುದು ಇಲ್ಲಿ ನಾನಿಟ್ಟ ಹೆಸರು.

ನಾನು ಕೆಂಪು ಪೆನ್ನಿನಲ್ಲಿ 'ಒರಸಿದೆ'ಯನ್ನು 'ಒರೆಸಿದೆ' ಎಂದು ತಿದ್ದಿ, ಐದಕ್ಕೆ ಎರಡೂವರೆ ಹಾಕಿ, ಮುಂದಿನ ಪುಸ್ತಕ ತೆಗೆದುಕೊಂಡೆ. ಆ ಕೊನೆಯ ವಾಕ್ಯ ಮನಸ್ಸಿಗೆ ತಾಗಿದ್ದು ರಾತ್ರಿ. ತನ್ನದೇ ಶಾಲೆಯ ಹಬ್ಬ ಚೆನ್ನಾಗಿತ್ತೆಂದು ಈ ಮಗು ಬೇರೆಯವರ ಬಾಯಿಂದ ಕೇಳಿ ತಿಳಿದಿದ್ದಾಳೆ.

ಮಾರನೆಯ ದಿನ ಸ್ಟಾಫ್ ರೂಮಿನ ಬೀರುವಿನಿಂದ ಹಿಂದಿನ ಮೂರು ವರ್ಷದ ಕಾರ್ಯಕ್ರಮ ಪಟ್ಟಿಗಳನ್ನು ತೆಗೆದೆ. ನನ್ನದೇ ಕೈಬರಹ. ವೇದಿಕೆ ಹತ್ತಿದವರೆಂದು ಒಟ್ಟು 186 ಹೆಸರು ಬರೆದಿದ್ದೆ. ಒಂದೇ ಮಗುವಿನ ಹೆಸರು ಮತ್ತೆ ಮತ್ತೆ ಬಂದದ್ದನ್ನು ಒಂದೇ ಎಂದು ಎಣಿಸಿದರೆ ಉಳಿದದ್ದು 52. ಅದರಲ್ಲಿ ಬಸ್ಸಿನಲ್ಲಿ ಬರುವ ಮಕ್ಕಳು ನಾಲ್ಕೇ ನಾಲ್ಕು. ಪ್ರತಿಭಾ ಕಾರಂಜಿಗೆ ಕ್ಲಸ್ಟರ್ ಮಟ್ಟಕ್ಕೆ ಕರೆದುಕೊಂಡು ಹೋದವರ ಪಟ್ಟಿ ನೋಡಿದೆ. ಸರ್ಕಾರ 2002-03ರಲ್ಲಿ ಆ ಕಾರ್ಯಕ್ರಮ ತಂದದ್ದೇ ಅವಕಾಶ ಸಿಗದ ಮಕ್ಕಳ ಪ್ರತಿಭೆ ಹೊರಗೆ ಬರಲಿ ಎಂದು. ನಮ್ಮ ಪಟ್ಟಿಯಲ್ಲಿ ಅಲ್ಲೂ ಅದೇ ಮುಖಗಳು.

ಇನ್ನೊಂದು ಪಟ್ಟಿ ಎಲ್ಲೂ ಬರೆದಿರಲಿಲ್ಲ, ಅದನ್ನು ಮಕ್ಕಳನ್ನು ಕೇಳಿ ಬರೆದುಕೊಂಡೆ. ಬೆಂಚು ಹೊತ್ತವರು, ಮೈದಾನ ಗುಡಿಸಿದವರು, ಕುರ್ಚಿ ಒರೆಸಿದವರು, ಅತಿಥಿಗಳಿಗೆ ಟೀ ಕೊಟ್ಟವರು, ಆ ಲೋಟ ತೊಳೆದವರು. ಟೀ ಕೊಟ್ಟವರ ಹೆಸರು ಒಂದು ಕಡೆಯವು, ಲೋಟ ತೊಳೆದವರ ಹೆಸರು ಇನ್ನೊಂದು ಕಡೆಯವು. ಯಾವ ಕಡೆ ಎಂದು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. 'ನೀವು ಟೀ ಕೊಡಿ, ನೀವು ತೊಳೀರಿ' ಎಂದು ಯಾರೂ ಜಾತಿ ನೋಡಿ ಹೇಳಿರಲಿಲ್ಲ. 'ಯಾರಾದ್ರೂ ಇಬ್ರು ಬನ್ರೋ' ಎಂದಾಗ ಯಾರು ಏಳುತ್ತಾರೆ, ಯಾರು ಕೂತೇ ಇರುತ್ತಾರೆ ಎಂಬುದನ್ನು ಮಕ್ಕಳು ನಮಗಿಂತ ಮೊದಲೇ ಕಲಿತಿದ್ದರು.

ಪ್ರತಿದಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸುತ್ತೇವೆ. ಅದರಲ್ಲಿ 'ಅವಕಾಶ ಸಮಾನತೆ' ಎಂಬ ಮಾತಿದೆ. ಓದಿಸುವ ಹುಡುಗಿಯೂ ನಾನು ಆರಿಸಿದವಳೇ, 52 ಜನರಲ್ಲೊಬ್ಬಳು.

ಮೊದಲ ಎರಡು ಪ್ರಯತ್ನ

ಮುಂದಿನ ಶೈಕ್ಷಣಿಕ ವರ್ಷ ನಾವು ಬೇಗ ಶುರು ಮಾಡಿದೆವು. ಅಕ್ಟೋಬರ್‌ನಲ್ಲೇ ಪ್ರಾರ್ಥನೆಯಲ್ಲಿ ಹೇಳಿದೆ: 'ಯಾರು ಬೇಕಾದರೂ ಹೆಸರು ಕೊಡಬಹುದು, ಯಾರನ್ನೂ ಬೇಡ ಅನ್ನಲ್ಲ.' ವಾರದ ಕೊನೆಗೆ ಬಂದ ಹೆಸರು 44. ಹಳೆಯವರನ್ನು ಬಿಟ್ಟರೆ ಹೊಸಬರು ಐದು ಜನ. 'ನೋಡಿ ಮೇಡಂ, ಅವಕ್ಕೆ ಇಂಟರೆಸ್ಟೇ ಇಲ್ಲ' ಎಂದರು ಸಹೋದ್ಯೋಗಿಯೊಬ್ಬರು. ನಾನೂ ಹೌದೇನೋ ಅಂದುಕೊಂಡೆ. ಆ ಮಾತು ನಂಬಲು ತುಂಬ ಸುಲಭ, ನಂಬಿದರೆ ನಮ್ಮ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಚೀಟಿ ಎತ್ತಿಸಿದೆ. 214 ಹೆಸರು ಬರೆದು ಡಬ್ಬಕ್ಕೆ ಹಾಕಿ, ಎಂಟನೇ ತರಗತಿಯ ಪುಟ್ಟ ಹುಡುಗನ ಕೈಯಲ್ಲಿ ಎತ್ತಿಸಿದೆವು. ಚೀಟಿಗೆ ಜಾತಿ ಗೊತ್ತಿಲ್ಲ, ಮಾಧ್ಯಮ ಗೊತ್ತಿಲ್ಲ, ಇದಕ್ಕಿಂತ ನ್ಯಾಯ ಇನ್ನೇನು ಎಂಬ ಲೆಕ್ಕ ನನ್ನದು. ಎರಡೇ ವಾರಕ್ಕೆ ಅದು ಕುಸಿಯಿತು. ಹೆಸರು ಬಂದ ಮಕ್ಕಳಲ್ಲಿ ಅರ್ಧದಷ್ಟು ಪ್ರಾಕ್ಟೀಸಿಗೇ ಬರಲಿಲ್ಲ. ಸಭಾಕಂಪನದ ಒಬ್ಬ ಹುಡುಗ ಭಾಷಣಕ್ಕೆ ಹೆಸರು ಬಂತೆಂದು ಮೂರು ದಿನ ಶಾಲೆಗೇ ಬರಲಿಲ್ಲ. ಅವನ ತಾಯಿ ಬಂದು, 'ಮೇಡಂ, ಅವನಿಗೇನಾದ್ರೂ ಶಿಕ್ಷೆ ಕೊಟ್ರಾ?' ಎಂದು ಕೇಳಿದರು. ಇನ್ನೊಂದು ಕಡೆ, ಆರು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದ ಹತ್ತನೇ 'ಬಿ' ಹುಡುಗಿಯ ಹೆಸರು ಬರಲಿಲ್ಲ. ಅವಳಿಗೆ ಅದು ಈ ಶಾಲೆಯ ಕೊನೆಯ ವಾರ್ಷಿಕೋತ್ಸವ. ಅವಳ ತಂದೆ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಮಾತಾಡಿದರು. ಅವರ ಸಿಟ್ಟು ನ್ಯಾಯವಾದದ್ದು. ಚೀಟಿ ಎಲ್ಲರನ್ನೂ ಒಂದೇ ಸಮ ಮಾಡಿತ್ತು. ಕಲಿತವಳ ಕಲಿಕೆಗೂ ಬೆಲೆ ಕೊಡಲಿಲ್ಲ, ಅಂಜುವವನ ಅಂಜಿಕೆಗೂ ಬೆಲೆ ಕೊಡಲಿಲ್ಲ.

ಚೀಟಿ ಹರಿದು ಹಾಕಿದೆವು.

ನಾಲ್ಕು ನಲವತ್ತರ ಬಸ್ಸು

ಪ್ರಕರಣ ತಿರುವು ಪಡೆದದ್ದು ನನ್ನಿಂದಲ್ಲ. ಮುಖ್ಯೋಪಾಧ್ಯಾಯರು ಒಂದು ಸಂಜೆ ಪ್ರಾಕ್ಟೀಸಿಗೆ ನಿಲ್ಲದೆ ಓಡುತ್ತಿದ್ದ ಮಕ್ಕಳನ್ನು ಗದರಿಸಲಿಕ್ಕೆಂದು ಗೇಟಿಗೆ ಹೋದವರು, ಅವರ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದುಬಿಟ್ಟರು. ಮರುದಿನ ಸ್ಟಾಫ್ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಮೂರು ಹೊತ್ತು ಬರೆದರು. ಶಾಲೆಯ ಕೊನೆಯ ಬೆಲ್ಲು 4:20. ಆ ದಿಕ್ಕಿನ ಬಸ್ಸು 4:40. ಅದರ ನಂತರದ ಬಸ್ಸು 7:00.

ನಮ್ಮ ಪ್ರಾಕ್ಟೀಸು 4:30ರಿಂದ 5:45.

ಆ ದಿಕ್ಕಿನಿಂದ ಬರುವ ಮಕ್ಕಳು 71. ಏಳರ ಬಸ್ಸಿಗೆ ಹೋದರೆ ಇಳಿದ ಮೇಲೆ ತಾಂಡಾಕ್ಕೆ ಒಂದೂವರೆ ಕಿಲೋಮೀಟರು ಕತ್ತಲಲ್ಲಿ ನಡೆಯಬೇಕು. ಯಾವ ತಾಯಿ ಒಪ್ಪುತ್ತಾಳೆ? ಮೊದಲಾದರೆ ಎಂಟನೇ ತರಗತಿಗೆ ಸರ್ಕಾರದ ಸೈಕಲ್ ಬರುತ್ತಿತ್ತು, ಕೋವಿಡ್ ನಂತರ ಅದೂ ನಿಂತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು, ಆದರೆ ಬಸ್ಸಿನ ಹೊತ್ತು ಬದಲಾಗಲಿಲ್ಲ. 'ಯಾರು ಬೇಕಾದರೂ ಹೆಸರು ಕೊಡಬಹುದು' ಎಂದು ನಾನು ಮೈಕಿನಲ್ಲಿ ಹೇಳುವಾಗಲೇ 71 ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ನಾವು ಅದಕ್ಕೆ ಆಸಕ್ತಿ ಇಲ್ಲ ಎಂದು ಹೆಸರಿಟ್ಟಿದ್ದೆವು.

ಮುಖ್ಯೋಪಾಧ್ಯಾಯರು ಪ್ರಾಕ್ಟೀಸನ್ನು ಶಾಲೆಯ ಹೊತ್ತಿನೊಳಗೆ ತರೋಣ ಎಂದಾಗ ಗಣಿತದ ಮೇಷ್ಟ್ರು ಒಪ್ಪಲಿಲ್ಲ. 'ಎಸೆಸೆಲ್ಸಿ ಮಕ್ಕಳ ಪಾಠ ಕೆಡುತ್ತೆ ಸರ್. ಮೊದಲೇ ಸ್ಪೆಷಲ್ ಕ್ಲಾಸಿಗೆ ಅರ್ಧ ಜನ ಬರಲ್ಲ' ಎಂದರು. ಹೇಳಿದವರು ಹಾಗೇ ಮಾತು ನಿಲ್ಲಿಸಿದರು. ಎದ್ದು ಹೋಗಿ ಸ್ಪೆಷಲ್ ಕ್ಲಾಸಿನ ಹಾಜರಿ ಪುಸ್ತಕ ತಂದು ಟೇಬಲ್ ಮೇಲೆ ಬಿಚ್ಚಿದರು. ಹತ್ತನೇ ತರಗತಿಯ ಸ್ಪೆಷಲ್ ಕ್ಲಾಸು ಕೂಡ 4:30ಕ್ಕೇ. ಸಾಲುಸಾಲು ಗೈರು, ಎಲ್ಲ ಆ ಬಸ್ಸಿನ ಮಕ್ಕಳದ್ದೇ. ಕೆಲವು ಹೆಸರುಗಳ ಮುಂದೆ ಅವರೇ ಸಣ್ಣ ಅಕ್ಷರದಲ್ಲಿ 'ಪೋಷಕರನ್ನು ಕರೆಸಿ' ಎಂದು ಬರೆದಿದ್ದರು. ತುಂಬ ಹೊತ್ತು ಆ ಪುಟ ನೋಡುತ್ತಾ ಕೂತರು. 'ನಾನು ಇವರನ್ನ ದಿನಾ ಬೈತಿದ್ದೆ' ಎಂದಷ್ಟೇ ಹೇಳಿದರು.

ಈ ಪ್ರಕರಣದ ಅತಿ ಮುಖ್ಯ ಗಳಿಗೆ ಇದೇ ಎಂದು ನನ್ನ ನಂಬಿಕೆ. ಹಬ್ಬದಲ್ಲಿ ಯಾರು ಹಿಂದೆ ಉಳಿಯುತ್ತಾರೆ ಎಂದು ಹುಡುಕುತ್ತಾ ಹೊರಟ ನಮಗೆ, ಅದೇ ಮಕ್ಕಳು ಪಾಠದಲ್ಲೂ ಅದೇ ಕಾರಣಕ್ಕೆ ಹಿಂದೆ ಉಳಿದದ್ದು ಸಿಕ್ಕಿತು. ಮುಂದಿನ ಸೋಮವಾರದಿಂದಲೇ ಅವರು ಸ್ಪೆಷಲ್ ಕ್ಲಾಸನ್ನು ಬೆಳಗ್ಗೆಗೆ ತಂದರು. ಬಸ್ಸು 9:10ಕ್ಕೆ ಬರುತ್ತದೆ, ಪ್ರಾರ್ಥನೆ 9:50ಕ್ಕೆ. ನಡುವೆ 40 ನಿಮಿಷ. ಸಂಜೆಯ ಒಂದು ಗಂಟೆಗಿಂತ ಕಡಿಮೆ, ಆದರೆ ಎಲ್ಲರಿಗೂ ಸಿಗುವ 40 ನಿಮಿಷ.

ಮಕ್ಕಳು ಸೇರಿ ಮಾಡಿದ ತೀರ್ಮಾನಗಳು

ಶಾಲಾ ಸಂಸತ್ತು ನಮ್ಮಲ್ಲಿ ಹೆಸರಿಗೆ ಇತ್ತು, ಮಂತ್ರಿಗಳನ್ನು ನಾವೇ ಆರಿಸುತ್ತಿದ್ದೆವು. ಆ ವರ್ಷ ಮೊಬೈಲಿನಲ್ಲಿ ಮತಯಂತ್ರದ ಆ್ಯಪ್ ಹಾಕಿ, ರಟ್ಟಿನ ಮರೆ ಕಟ್ಟಿ, ಗುಟ್ಟಾಗಿ ಮತ ಹಾಕಿಸಿದೆವು. ಸಾಂಸ್ಕೃತಿಕ ಮಂತ್ರಿಯಾಗಿ ಗೆದ್ದವಳು ಹಟ್ಟಿಯ ಹುಡುಗಿ. ಅವಳ ಸಭೆಯಲ್ಲಿ ಶಿಕ್ಷಕರು ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ ಎಂದು ಮುಖ್ಯೋಪಾಧ್ಯಾಯರು ನಿಯಮ ಮಾಡಿದರು. ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು.

ಅಲ್ಲಿ ಆದ ತೀರ್ಮಾನಗಳು ಇವು. ಪ್ರಾಕ್ಟೀಸು ಬಿಸಿಯೂಟದ ನಂತರ ಇಪ್ಪತ್ತು ನಿಮಿಷ ಮತ್ತು ಆಟದ ಪೀರಿಯಡ್‌ನಲ್ಲಿ. ಬಾಡಿಗೆ ಡ್ರೆಸ್ ಇಲ್ಲ, ಮನೆಯಲ್ಲಿ ಇರುವುದು ಅಥವಾ ಶಾಲೆಯಲ್ಲೇ ಮಾಡಿದ್ದು ಮಾತ್ರ. ಹಿಂದಿನ ವರ್ಷ ಒಂದು ಡ್ಯಾನ್ಸಿನ ಡ್ರೆಸ್ಸಿಗೆ ತಲೆಗೆ 450 ರೂಪಾಯಿ ಆಗಿತ್ತು. ಕೂಲಿ ಮನೆಯಲ್ಲಿ ಅಷ್ಟು ದುಡ್ಡು ಕೇಳುವ ಬದಲು 'ನಂಗೆ ಡ್ಯಾನ್ಸ್ ಇಷ್ಟ ಇಲ್ಲ' ಎನ್ನುವುದು ಸುಲಭವಿತ್ತೆಂದು ಒಬ್ಬ ಹುಡುಗ ಎಲ್ಲರೆದುರು ಹೇಳಿದ. ಕೆಲಸಕ್ಕೆ ಪಾಳಿ: ವೇದಿಕೆ ಹತ್ತುವವರೂ ಗುಡಿಸಬೇಕು, ಗುಡಿಸುವವರಿಗೂ ವೇದಿಕೆ ಅಥವಾ ಮೈಕು ಸಿಗಬೇಕು. ಟೀ ಕೊಟ್ಟವರೇ ಆ ಲೋಟ ತೊಳೆಯಬೇಕು. ಹುಡುಗರು ರಂಗೋಲಿಗೂ ಹುಡುಗಿಯರು ಬೆಂಚಿಗೂ ಹೋಗಬೇಕು. ಭರತನಾಟ್ಯದ ಹುಡುಗಿ ಒಬ್ಬಳೇ ಕುಣಿಯುವ ಒಂದು ಕಾರ್ಯಕ್ರಮ ಇರಲೇಬೇಕು. ಆ ಕೊನೆಯ ತೀರ್ಮಾನವನ್ನು ಮಂಡಿಸಿದವನು ತಾಂಡಾದ ಹುಡುಗ. 'ಅವಳು ಚೆನ್ನಾಗಿ ಮಾಡ್ತಾಳೆ, ನಾವೂ ನೋಡಿಲ್ಲ' ಎಂದ.

ಇಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ಬಾಡಿಗೆ ಡ್ರೆಸ್ ಬೇಡ ಎಂದ ಮೇಲೆ, ಹಟ್ಟಿಯ ಮಕ್ಕಳಿಗೆ ಕೋಲಾಟ, ತಾಂಡಾದ ಹುಡುಗಿಯರಿಗೆ ಲಂಬಾಣಿ ಕುಣಿತ ಎಂದು ಪಟ್ಟಿ ಬರೆದೆ. ಅವರ ಮನೆಯ ಕಲೆಗೆ ಗೌರವ ಕೊಟ್ಟಂತಾಯಿತು ಎಂದು ಖುಷಿಯೂ ಪಟ್ಟೆ. ಅರ್ಧ ಪುಟದ ಪ್ರಬಂಧ ಬರೆದಿದ್ದ ಹುಡುಗಿ, ಈಗ ಹತ್ತನೇ ತರಗತಿ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

'ಮಿಸ್, ನಾನು ಲಂಬಾಣಿ ಡ್ಯಾನ್ಸ್ ಮಾಡಲ್ಲ.'

'ಯಾಕಮ್ಮ, ನಿಮ್ಮ ಅಜ್ಜಿ ಎಷ್ಟು ಚೆನ್ನಾಗಿ ಹಾಡ್ತಾರೆ.'

'ಅಜ್ಜಿ ಹಾಡ್ತಾರೆ ಮಿಸ್. ಪ್ರೈಮರಿಯಿಂದ ಎಲ್ಲಾ ಫಂಕ್ಷನ್‌ಗೂ ನಂಗೆ ಅದನ್ನೇ ಕೊಡ್ತಾರೆ. ನಾನು ನಾಟಕದಲ್ಲಿ ಇನ್ಸ್‌ಪೆಕ್ಟರ್ ಆಗ್ತೀನಿ.'

ಇನ್ಸ್‌ಪೆಕ್ಟರ್ ಪಾತ್ರವನ್ನು ನಾನು ಒಬ್ಬ ಹುಡುಗನಿಗೆ ಬರೆದಿದ್ದೆ. ಅವಳಿಗೆ ಕೊಟ್ಟೆ. ಲಂಬಾಣಿ ಕುಣಿತ ಕಲಿಯಲು ಹೋಬಳಿ ಊರಿನ ನಾಲ್ವರು ಹುಡುಗಿಯರು ಮುಂದೆ ಬಂದರು. ಕಲಿಸಲು ತಾಂಡಾದ ಇಬ್ಬರು ತಾವಾಗಿಯೇ ಒಪ್ಪಿದರು. ಒಬ್ಬರ ಮನೆಯ ಕಲೆಯನ್ನು ಅವರ ಕೊರಳಿಗೆ ಗುರುತಿನ ಚೀಟಿಯಂತೆ ಕಟ್ಟುವುದು ಗೌರವ ಅಲ್ಲ ಎಂದು ನನಗೆ ಕಲಿಸಿದವಳು ಆ ಹುಡುಗಿ.

ಬಹುಮಾನದ ವಿಚಾರದಲ್ಲಿ ಬಹಳ ಚರ್ಚೆಯಾಯಿತು. ದಾನಿಗಳು ಕೊಡುವ ದತ್ತಿ ಬಹುಮಾನಗಳು ಅಂಕದ ಮೇಲೆ ಇರುವಂಥವು, ಹಾಗೇ ಉಳಿದವು. ಎಲ್ಲರಿಗೂ ಒಂದೊಂದು ಪೆನ್ನು ಕೊಡೋಣ ಎಂದು ನಾವು ಹೇಳಿದ್ದನ್ನು ಮಕ್ಕಳೇ ಬೇಡವೆಂದರು. 'ಎಲ್ರಿಗೂ ಕೊಟ್ರೆ ಅದು ಬಹುಮಾನ ಅಲ್ಲ ಸರ್.' ಬದಲಿಗೆ ವೇದಿಕೆಯ ಪಕ್ಕದ ಉದ್ದ ಗೋಡೆಗೆ ಗೋಡೆ ಪತ್ರಿಕೆ ಅಂಟಿಸಿದರು. ಈ ವರ್ಷ ನಾನು ಏನು ಮಾಡಿದೆ ಎಂದು ಪ್ರತಿಯೊಬ್ಬರೂ ಒಂದೇ ಸಾಲು ಬರೆಯಬೇಕು. 'ತೋಟದ ಮೋಟಾರು ಬಿಚ್ಚಿ ಜೋಡಿಸಿದೆ, ನೀರು ಬಂತು.' 'ತಮ್ಮನಿಗೆ ಮಗ್ಗಿ ಕಲಿಸಿದೆ, 14ರವರೆಗೆ.' 'ಒಂದು ದಿನವೂ ತಪ್ಪಿಸಲಿಲ್ಲ, ಮಳೆಯಲ್ಲೂ.' ಇಷ್ಟು ವರ್ಷ ಪ್ರಬಂಧ ತಿದ್ದಿದ ನನಗೆ ಇಷ್ಟು ಒಳ್ಳೆಯ ಕನ್ನಡ ಒಟ್ಟಿಗೆ ಸಿಕ್ಕಿರಲಿಲ್ಲ.

ನಡೆದದ್ದು

ವಾರ್ಷಿಕೋತ್ಸವ ಹಗಲಲ್ಲಿ ನಡೆಯಿತು, ಬೆಳಗ್ಗೆ 10:30ಕ್ಕೆ ಶುರುವಾಗಿ ಸಂಜೆ ನಾಲ್ಕರೊಳಗೆ ಮುಗಿಸಬೇಕೆಂದು. ಬಣ್ಣದ ಲೈಟು ಇರಲಿಲ್ಲ. 'ಲೈಟಿಲ್ದೆ ಎಂಥಾ ವಾರ್ಷಿಕೋತ್ಸವ' ಎಂದು ಎಸ್‌ಡಿಎಂಸಿಯಲ್ಲಿ ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಹೋಬಳಿ ಊರಿನ ಜನ ಕಡಿಮೆ ಬಂದರು, ಅಂಗಡಿ ಬಿಟ್ಟು ಬರುವುದು ಅವರಿಗೂ ಕಷ್ಟ. ಹಟ್ಟಿ, ತಾಂಡಾಗಳ ತಾಯಂದಿರು ಮೊದಲ ಸಲ ಬಂದರು, ಕೆಲವರು ಅರ್ಧ ದಿನದ ಕೂಲಿ ಬಿಟ್ಟು. ಮಗಳು ಖಾಕಿ ಅಂಗಿ ಹಾಕಿಕೊಂಡು ಲಾಠಿ ಹಿಡಿದು ಬಂದಾಗ ಅವರಲ್ಲೊಬ್ಬರು ಎದ್ದು ನಿಂತರು, ನಾಟಕ ಮುಗಿಯುವವರೆಗೂ ಕೂರಲಿಲ್ಲ.

ಎಲ್ಲವೂ ಸರಿಹೋಗಲಿಲ್ಲ. ಕೋಲಾಟದ ಕೋಲಿನಲ್ಲೇ ಇಬ್ಬರು ಹುಡುಗರು ಹಿಂದಿನ ದಿನ ಹೊಡೆದಾಡಿಕೊಂಡರು. ಕಾರ್ಯಕ್ರಮ ಮುಕ್ಕಾಲು ಗಂಟೆ ತಡವಾಗಿ, ಕೊನೆಯ ಎರಡು ಹಾಡು ಬಿಡಬೇಕಾಯಿತು. ಬಿಟ್ಟವು ಮತ್ತೆ 'ಎ' ವಿಭಾಗದ ಹಾಡುಗಳೇ, ಅವಸರದಲ್ಲಿ ನಮ್ಮ ಕೈ ಹಳೆಯ ದಾರಿಯಲ್ಲೇ ಹೋಯಿತು. ಆ ಎಂಟು ಮಕ್ಕಳಿಂದ ಮರುದಿನ ಪ್ರಾರ್ಥನೆಯಲ್ಲಿ ಹಾಡಿಸಿದೆವು. ಅದು ಸಮಾಧಾನವೇ ಹೊರತು ಸಮ ಅಲ್ಲ. ಡ್ಯಾನ್ಸ್ ಗುಂಪಿನ ಒಬ್ಬ ಹುಡುಗಿಯ ತಾಯಿ ಲೋಟ ತೊಳೆಯುವ ಪಾಳಿಗೆ ಒಪ್ಪದೆ ಮಗಳನ್ನು ಆ ದಿನ ಕಳಿಸಲೇ ಇಲ್ಲ. ನಾನೂ ಮುಖ್ಯೋಪಾಧ್ಯಾಯರೂ ಮನೆಗೆ ಹೋಗಿ ಮಾತಾಡಿದೆವು, ಕಾಫಿ ಕೊಟ್ಟು ಕಳಿಸಿದರು, ಮನಸ್ಸು ಬದಲಾಗಲಿಲ್ಲ. ನಡುವೆ ಸಿಕ್ಕಿಕೊಂಡವಳು ಆ ಮಗು. ಅವಳ ವಿಷಯದಲ್ಲಿ ಏನು ಮಾಡಬಹುದಿತ್ತು ಎಂದು ಈಗಲೂ ಯೋಚಿಸುತ್ತೇನೆ.

ವೇದಿಕೆ, ನಿರೂಪಣೆ, ಗೋಡೆ ಪತ್ರಿಕೆಯ ಸಂಪಾದನೆ, ವಾದ್ಯ ಸೇರಿ 158 ಮಕ್ಕಳು ಎಲ್ಲರೆದುರು ಬರುವ ಒಂದಾದರೂ ಕೆಲಸ ಮಾಡಿದರು. ಬಸ್ಸಿನ 71 ಮಕ್ಕಳಲ್ಲಿ 53 ಜನ ಅದರಲ್ಲಿದ್ದರು. ಬೆಳಗಿನ ಸ್ಪೆಷಲ್ ಕ್ಲಾಸಿನ ಹಾಜರಿ ಪುಸ್ತಕದಲ್ಲಿ 'ಪೋಷಕರನ್ನು ಕರೆಸಿ' ಎಂದು ಆಮೇಲೆ ಬರೆದಿಲ್ಲ. ಎಸೆಸೆಲ್ಸಿ ಫಲಿತಾಂಶಕ್ಕೂ ಇದಕ್ಕೂ ಗಂಟು ಹಾಕಲು ನಾನು ಸಿದ್ಧಳಿಲ್ಲ, ಒಂದೇ ವರ್ಷದಲ್ಲಿ ಅದನ್ನು ಹೇಳಲಾಗದು.

ಬಸ್ಸಿನ ಹೊತ್ತು ಅರ್ಧ ಗಂಟೆ ಮುಂದೆ ಹಾಕಿ ಎಂದು ಶಾಲಾ ಸಂಸತ್ತು ಡಿಪೊಗೆ ಅರ್ಜಿ ಬರೆಯಿತು, ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲೂ ಸಾಂಸ್ಕೃತಿಕ ಮಂತ್ರಿ ಎದ್ದು ಕೇಳಿದಳು. ಇನ್ನೂ ಆಗಿಲ್ಲ.

ಬೇರೆ ಶಾಲೆಯವರು ಕೇಳಿದರೆ

ಈಚೆಗೆ ಪಕ್ಕದ ಹೋಬಳಿಯ ಶಿಕ್ಷಕಿಯೊಬ್ಬರು ಫೋನ್ ಮಾಡಿ, ಎಲ್ಲಿಂದ ಶುರು ಮಾಡಲಿ ಎಂದರು. ಕಾರ್ಯಕ್ರಮದ ಯೋಚನೆ ಆಮೇಲೆ ಮಾಡಿ, ಹಳೆಯ ಪಟ್ಟಿ ಮೊದಲು ತೆಗೆಯಿರಿ ಎಂದೆ. ವೇದಿಕೆಯ ಪಟ್ಟಿಯ ಪಕ್ಕದಲ್ಲಿ ಕೆಲಸದ ಪಟ್ಟಿಯನ್ನೂ ಇಡಿ. ಆಸಕ್ತಿ ಇಲ್ಲ ಎಂದು ಯಾವ ಮಗುವಿನ ಬಗ್ಗೆ ಅನ್ನಿಸುತ್ತದೋ ಆ ಮಗುವಿನ ಜೊತೆ ಒಂದು ಸಂಜೆ ಮನೆಯ ಕಡೆ ನಡೆಯಿರಿ. ಚೀಟಿ ಎತ್ತಿಸಬೇಡಿ. ಮತ್ತೆ, ಕಾರ್ಯಕ್ರಮ ತಡವಾದರೆ ಯಾವುದನ್ನು ಬಿಡುತ್ತೀರಿ ಎಂದು ಮೊದಲೇ ಮಕ್ಕಳ ಜೊತೆ ಕೂತು ಬರೆದಿಡಿ. ನಾವು ಸೋತದ್ದು ಅಲ್ಲೇ.

ಇನ್ನೊಂದನ್ನು ಫೋನಿನಲ್ಲಿ ಹೇಳಲು ಮರೆತೆ. ಆ ವರ್ಷ ನಮ್ಮ ಎಂಟನೇ ತರಗತಿಯಲ್ಲಿ ಗಾಲಿಕುರ್ಚಿಯ ಒಬ್ಬ ಹುಡುಗನಿದ್ದ. ನಿರೂಪಣೆಗೆ ಅವನೇ ಆಯ್ಕೆಯಾಗಿದ್ದ, ಒಳ್ಳೆಯ ಗಂಟಲು. ವೇದಿಕೆಗೆ ಐದು ಮೆಟ್ಟಿಲಿದೆ ಎಂಬುದು ನಮ್ಮಲ್ಲಿ ಯಾರಿಗೂ ಆ ಬೆಳಗ್ಗೆವರೆಗೆ ಹೊಳೆದಿರಲಿಲ್ಲ. ಗೆಳೆಯರು ಎತ್ತಿ ಕೂರಿಸುತ್ತೇವೆ ಎಂದರು. ಅವನು ಬೇಡ ಎಂದ. ಕೆಳಗೇ ಕೂತು ಮೈಕು ಹಿಡಿದು ನಾಲ್ಕು ಗಂಟೆ ನಿರೂಪಣೆ ಮಾಡಿದ. ಈ ವರ್ಷ ವೇದಿಕೆ ಕಟ್ಟುವುದಿಲ್ಲ. ಮೈದಾನದ ನಡುವೆ ಸುಣ್ಣದ ಗೆರೆ ಎಳೆದು, ಸುತ್ತ ಜಮಖಾನ ಹಾಸಿ, ನೆಲದ ಮೇಲೆಯೇ ಎಲ್ಲ ಕಾರ್ಯಕ್ರಮ ಮಾಡುತ್ತೇವೆ. ಗೆರೆ ಎಷ್ಟು ಅಗಲ ಇರಬೇಕು, ಗಾಲಿ ಯಾವ ಕಡೆಯಿಂದ ಬರಬೇಕು ಎಂದು ಹೋದ ಶನಿವಾರ ಅವನೇ ಟೇಪು ಹಿಡಿಸಿ ಅಳತೆ ಮಾಡಿಸಿದ.